ಮೈಸೂರಿನ ಮೇಷ್ಟರು ಶಿಕಾಗೋದಲ್ಲಿ

ಎ. ಕೆ. ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನಲ್ಲಿ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ಮಹಾರಾಜ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಓದಲೆಂದು ಹೋದವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಪಾಠ ಹೇಳಿದರು. ಅಲ್ಲಿನ ವಿದ್ಯಾರ್ಥಿಗಳಿಗಾಗಿ ದಕ್ಷಿಣ ಏಷ್ಯಾ ಅಧ್ಯಯನವನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದರು. ಹಾರ್ವರ್ಡ್, ಬರ್ಕ್ಲಿಗಳಲ್ಲೂ ಅಲ್ಪಕಾಲ ಕಲಿಸಿದರು. 1973ರಲ್ಲಿ ಅವರ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಹೊರನಾಡಿನ ಓದುಗರಿಗೆ ತಲುಪಿದವು. ದೂರದಲ್ಲಿದ್ದೂ ಕನ್ನಡದಲ್ಲಿ ಕವಿತೆ ಬರೆದರು. 1993ರಲ್ಲಿ ಶಿಕಾಗೋದಲ್ಲೇ ತೀರಿಕೊಂಡರು.

ಕಂಪನಿ ಕೆಲಸಕ್ಕೆ ಹೊರದೇಶದಲ್ಲಿದ್ದಾಗ ನಾನು ನಾಲ್ಕು ಜನರ ಮುಂದೆ ಕನ್ನಡ ಮಾತಾಡಲು ಹಿಂಜರಿದದ್ದುಂಟು. ಅವರ ಬಾಳನ್ನು ತಿಳಿದ ಮೇಲೆ ಆ ಹಿಂಜರಿಕೆ ಹೋಯಿತು. ನಮ್ಮ ಕೋಟೆ ಶಾಲೆಯ ಮಕ್ಕಳು ಎಲ್ಲಿಗೇ ಹೋಗಲಿ, ಇಲ್ಲಿ ಕಲಿತ ಕನ್ನಡವನ್ನು ಜೊತೆಗೆ ಒಯ್ಯಲಿ.