ಇಬ್ನ್ ಸೀನಾ ಮತ್ತು ಒಂದು ಚಮಚ ಇಸಬ್‌ಗೋಲ್

ಪೂರ್ವಸಿದ್ಧತಾ ಪರೀಕ್ಷೆಯ ವಾರ ನನಗೆ ಮಲಬದ್ಧತೆ ಶುರುವಾಯಿತು. ರಾತ್ರಿಯೆಲ್ಲ ಚಹಾ, ಬಿಸ್ಕತ್ತು, ಲೆಕ್ಕಶಾಸ್ತ್ರದ ಪುಸ್ತಕ. ನೀರು ಕುಡಿದ ನೆನಪೇ ಇಲ್ಲ. ಯಾರಿಗಾದರೂ ಹೇಳಲು ನಾಚಿಕೆ. ಬೇಗ ಗುಣವಾಗಲೆಂದು ದಾದಿಯ ಡಬ್ಬದಿಂದ ಮೂರು ಚಮಚ ಇಸಬ್‌ಗೋಲ್ ಹೊಟ್ಟು ತೆಗೆದು, ಅರ್ಧ ಲೋಟ ನೀರಿನಲ್ಲಿ ಕಲಸಿ ನುಂಗಿದೆ. ಹೊಟ್ಟೆ ಇನ್ನಷ್ಟು ಬಿಗಿಯಿತು. ಮರುದಿನ ತರಗತಿಯಲ್ಲಿ ಕೂರಲಾಗಲಿಲ್ಲ. ವಿಷಯ ತಿಳಿದ ದಾದಿ ಬೈಯಲಿಲ್ಲ. ಇಬ್ನ್ ಸೀನಾ ಹೇಗೆ ತೀರಿಕೊಂಡರು ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಅವರು ಹೇಳಿದ್ದಕ್ಕೆ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಬ್ನ್ ಸೀನಾ ಹುಟ್ಟಿದ್ದು ಕ್ರಿ.ಶ. 980ರಲ್ಲಿ, ಇಂದಿನ ಉಜ್ಬೇಕಿಸ್ತಾನದ ಬುಖಾರಾ ಬಳಿಯ ಹಳ್ಳಿಯೊಂದರಲ್ಲಿ. 10ನೇ ವಯಸ್ಸಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಸುಮಾರು 17ರಲ್ಲಿ, ಅಂದರೆ ನನ್ನ ವಯಸ್ಸಿನಲ್ಲಿ, ಬುಖಾರಾದ ದೊರೆಗೆ ಚಿಕಿತ್ಸೆ ಮಾಡಿದರು. ಅದರಿಂದ ಅರಮನೆಯ ಗ್ರಂಥಾಲಯದಲ್ಲಿ ಓದುವ ಅನುಮತಿ ಸಿಕ್ಕಿತು.

ಮುಂದೆ ಊರೂರು ಅಲೆದು ಇರಾನಿನ ಹಮದಾನ್ ಸೇರಿದರು. ಅಲ್ಲಿನ ಅಮೀರ್ ಶಮ್ಸುದ್ದೌಲರನ್ನು ಕಾಡುತ್ತಿದ್ದ ಕರುಳಿನ ಶೂಲೆಗೆ ಚಿಕಿತ್ಸೆ ನೀಡಿ, ಅವರ ವಜೀರರಾದರು. ಹಗಲು ರಾಜ್ಯದ ಕೆಲಸ, ರಾತ್ರಿ ಶಿಷ್ಯರಿಗೆ ಪಾಠ. ಅವರ ಅಲ್ ಕಾನೂನ್ ಎಂಬ ವೈದ್ಯಗ್ರಂಥ ಯುರೋಪಿನಲ್ಲೂ ಶತಮಾನಗಳ ಕಾಲ ಪಠ್ಯವಾಗಿತ್ತು. ಅದರ ಔಷಧಗಳ ಭಾಗದಲ್ಲಿ ಇಸಬ್‌ಗೋಲ್ ಬೀಜವೂ ಇದೆ, ಬಜ್ರ್ ಕತೂನಾ ಎಂಬ ಅರಬಿ ಹೆಸರಿನಲ್ಲಿ. ಇಸಬ್‌ಗೋಲ್ ಎಂಬ ನಮ್ಮ ಹೆಸರು ಪಾರ್ಸಿಯಿಂದ ಬಂದದ್ದು; ಕುದುರೆಯ ಕಿವಿ ಎಂದರ್ಥ. ಬೀಜದ ಆಕಾರ ಹಾಗೇ ಇದೆ.

ಅಮೀರ್ ತೀರಿದ ಮೇಲೆ ಇಬ್ನ್ ಸೀನಾರನ್ನು ಕೋಟೆಯೊಂದರಲ್ಲಿ 4 ತಿಂಗಳು ಸೆರೆಯಿಟ್ಟರು. ಅಲ್ಲೇ ಅವರು ಕರುಳಿನ ಶೂಲೆಯ ಬಗ್ಗೆ ಒಂದು ಪುಸ್ತಕ ಬರೆದರು. ಆಮೇಲೆ ಸೂಫಿ ವೇಷದಲ್ಲಿ ಇಸ್ಫಹಾನ್‌ಗೆ ಹೋಗಿ ಅಲ್ಲಿನ ದೊರೆಯ ಆಶ್ರಯ ಪಡೆದರು.

ಕೊನೆಗೆ ಅದೇ ಶೂಲೆ ಅವರಿಗೂ ಬಂತು. ಆಗ ಅವರು ದೊರೆಯ ದಂಡಿನ ಜೊತೆಯಲ್ಲಿದ್ದರು. ತಾವು ಹಿಂದೆ ಉಳಿದುಬಿಡಬಹುದೆಂಬ ಭಯದಿಂದ ಒಂದೇ ದಿನ 8 ಸಲ ಎನಿಮಾ ಮಾಡಿಸಿಕೊಂಡರು. ಕರುಳಿನಲ್ಲಿ ಹುಣ್ಣಾಯಿತು. ಸ್ವಲ್ಪ ಚೇತರಿಸಿಕೊಂಡರೂ ಪಥ್ಯ ಪಾಲಿಸಲಿಲ್ಲ. 1037ರಲ್ಲಿ ಹಮದಾನ್‌ನ ದಾರಿಯಲ್ಲಿ ಕಾಯಿಲೆ ಮರುಕಳಿಸಿತು. ಇನ್ನು ಔಷಧದಿಂದ ಪ್ರಯೋಜನವಿಲ್ಲವೆಂದು ಚಿಕಿತ್ಸೆ ಬಿಟ್ಟರು. ಗುಲಾಮರನ್ನು ಬಿಡುಗಡೆ ಮಾಡಿ, ಬಡವರಿಗೆ ದಾನ ಕೊಟ್ಟು ಕಣ್ಣು ಮುಚ್ಚಿದರು. ಅವರ ಸಮಾಧಿ ಹಮದಾನ್‌ನಲ್ಲಿದೆ.

ರೋಗದ ಬಗ್ಗೆ ಪುಸ್ತಕವನ್ನೇ ಬರೆದವರು ಅವಸರದಲ್ಲಿ ಎಡವಿದರು ಎಂದ ಮೇಲೆ ನಾನು ಯಾವ ಲೆಕ್ಕ?

ಇಸಬ್‌ಗೋಲ್ ನೀರು ಹೀರಿ ಉಬ್ಬುತ್ತದೆ, ಮಲವನ್ನು ಮೃದುವಾಗಿಸುತ್ತದೆ. ನೀರು ಸಾಲದಿದ್ದರೆ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಈಗ ದಾದಿ ತಾವೇ ಒಂದು ಚಮಚ ಅಳೆದು, ದೊಡ್ಡ ಲೋಟ ನೀರಿನಲ್ಲಿ ಕಲಸಿ, ಕುಡಿಯುವವರೆಗೂ ಎದುರಿಗೇ ನಿಲ್ಲುತ್ತಾರೆ. ಊಟಕ್ಕೆ ಸೊಪ್ಪು, ಹಣ್ಣು ಬಂದಿವೆ. ಗುಣವಾಗಲು 3 ದಿನ ಹಿಡಿಯಿತು. ಗೆಳೆಯರೇ, ಪರೀಕ್ಷೆ ಹತ್ತಿರವಿದೆ. ಹೊಟ್ಟೆಯ ತೊಂದರೆಯನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ಮನೆಯಲ್ಲಿ ಹೇಳಿ. ನೋವು ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ.