ಒಂದೇ ಶ್ವಾಸಕೋಶದ ರಾಜ

ಹಳೇ ಡಬ್ಬಿಯಲ್ಲಿ 1940ರ ನಾಣ್ಯ ಸಿಕ್ಕಿದ್ರೆ ಅದರ ಮೇಲಿರೋ ಮುಖವನ್ನ ಒಮ್ಮೆ ನೋಡಿ. ಅವರು ಆರನೇ ಜಾರ್ಜ್, ಬ್ರಿಟನ್ನಿನ ರಾಜ, ಭಾರತದ ಕೊನೆಯ ಚಕ್ರವರ್ತಿ. ನಮಗೆ ಅವರ ಸಾಮ್ರಾಜ್ಯದ ಮೇಲೆ ಪ್ರೀತಿಯೇನಿಲ್ಲ. ಆದರೆ ಅವರ ಉಸಿರಿನ ಕಥೆ ಬೇರೆ.

1895ರಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಿಂದಲೂ ತೊದಲು. 1925ರಲ್ಲಿ ವೆಂಬ್ಲಿಯಲ್ಲಿ ಮಾಡಿದ ಭಾಷಣ ಅವರಿಗೂ ಕೇಳಿದವರಿಗೂ ಹಿಂಸೆಯಾಯ್ತು. ಮರುವರ್ಷ ಆಸ್ಟ್ರೇಲಿಯಾದ ಲಯೋನೆಲ್ ಲೋಗ್ ಹತ್ತಿರ ಹೋದರು. ಎಲ್ಲಿ ಉಸಿರು ತಗೋಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಲೋಗ್ ಕಲಿಸಿದರು. ಅಣ್ಣ ಸಿಂಹಾಸನ ಬಿಟ್ಟಿದ್ದರಿಂದ 1936ರಲ್ಲಿ ರಾಜರಾದರು. 1939ರಲ್ಲಿ ಯುದ್ಧ ಶುರುವಾದ ದಿನ ರೇಡಿಯೋದಲ್ಲಿ ನೇರವಾಗಿ ಮಾತಾಡಿದ್ದು ಆ ಅಭ್ಯಾಸದ ಬಲದಿಂದಲೇ.

ಆದರೆ ಅವರು ವಿಪರೀತ ಸಿಗರೇಟು ಸೇದುತ್ತಿದ್ದರು. 1951ರ ಸೆಪ್ಟೆಂಬರ್ 23ರಂದು ಬಕಿಂಗ್‌ಹ್ಯಾಮ್ ಅರಮನೆಯ ಕೋಣೆಯೊಂದನ್ನೇ ಆಪರೇಷನ್ ಥಿಯೇಟರ್ ಮಾಡಿ, ಸರ್ಜನ್ ಕ್ಲೆಮೆಂಟ್ ಪ್ರೈಸ್ ಥಾಮಸ್ ಅವರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ಕಾಯಿಲೆ ಕ್ಯಾನ್ಸರ್. ಅದನ್ನ ಜನರಿಗೂ ಹೇಳಲಿಲ್ಲ, ರಾಜರಿಗೂ ಹೇಳಲಿಲ್ಲ.

ಒಂದು ಶ್ವಾಸಕೋಶ ತೆಗೆದರೆ ಏನಾಗುತ್ತೆ? ಆ ಖಾಲಿ ಜಾಗದಲ್ಲಿ ನಿಧಾನವಾಗಿ ದ್ರವ ತುಂಬುತ್ತೆ, ಹೃದಯ ಆ ಕಡೆ ಸರಿಯುತ್ತೆ, ಉಳಿದ ಶ್ವಾಸಕೋಶ ಹಿಗ್ಗುತ್ತೆ. ಮೊದಲು ಎರಡು ಪೈಪಿನಲ್ಲಿ ಹರೀತಿದ್ದ ರಕ್ತವೆಲ್ಲ ಈಗ ಒಂದರಲ್ಲೇ ಹರೀಬೇಕು. ಸುಮ್ಮನೆ ಕೂತಿದ್ದಾಗ ಸಾಕಾಗೋ ಉಸಿರು ಮೆಟ್ಟಿಲು ಹತ್ತಿದರೆ ಸಾಲಲ್ಲ. ಇನ್ನೊಂದು ಅಪಾಯವೂ ಇದೆ: ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರ ಎದೆಗೆ ಇಳಿದು, ಮಹಾಪಧಮನಿಯನ್ನ ಬಳಸಿ ಮತ್ತೆ ಮೇಲೆ ಹೋಗುತ್ತೆ. ಅದಕ್ಕೆ ಪೆಟ್ಟಾದರೆ ದನಿಯೇ ಬಿದ್ದುಹೋಗಬಹುದು. ಅಷ್ಟು ಕಷ್ಟಪಟ್ಟು ಮಾತು ಕಲಿತವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ?

ದನಿ ಪೂರ್ತಿ ಹೋಗಲಿಲ್ಲ, ಆದರೆ ಗೊಗ್ಗರಾಯ್ತು. ಆ ವರ್ಷದ ಕ್ರಿಸ್‌ಮಸ್ ಸಂದೇಶವನ್ನು ಮೊದಲ ಸಲ ನೇರವಾಗಿ ಓದದೆ, ಸ್ವಲ್ಪಸ್ವಲ್ಪವೇ ರೆಕಾರ್ಡ್ ಮಾಡಿ ಜೋಡಿಸಿದರು. ಉಸಿರು ಸಿಕ್ಕಾಗ ಒಂದೆರಡು ಸಾಲು, ಆಮೇಲೆ ವಿಶ್ರಾಂತಿ. ಆದರೂ ಸಂದೇಶವನ್ನ ಮುಗಿಸಿಯೇ ಬಿಟ್ಟರು.

1952ರ ಜನವರಿ 31ರಂದು ಮಗಳು ಎಲಿಜಬೆತ್‌ರನ್ನು ವಿಮಾನ ಹತ್ತಿಸಿ ಬಂದರು. ಫೆಬ್ರವರಿ 6ರಂದು, ಸ್ಯಾಂಡ್ರಿಂಗ್‌ಹ್ಯಾಮಿನಲ್ಲಿ, ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ದೊಡ್ಡ ಅಧ್ಯಯನಗಳು ಬಂದಿದ್ದೇ 1950ರಲ್ಲಿ. ಅವರ ಕಾಲಕ್ಕೆ ಅದು ಹೊಸ ಸುದ್ದಿ. ನಮಗೆ ಹಾಗಲ್ಲ. ಪ್ಯಾಕೆಟ್ ಮೇಲೇ ಚಿತ್ರ ಸಮೇತ ಹಾಕಿರ್ತಾರೆ. ಆದರೂ ಇಂಟರ್ನಲ್ಸ್ ಮುಗಿದ ಸಂಜೆ ಟೀ ಅಂಗಡಿ ಮುಂದೆ ನಾವು ಗುಂಪಾಗಿ ನಿಲ್ಲುತ್ತೇವೆ.