ಬಣ್ಣದಲ್ಲಿ ಸಿಕ್ಕಿಕೊಂಡ ಮರಳು

ವಿನ್ಸೆಂಟ್ ವ್ಯಾನ್‌ಗೋ ಎಂದೊಡನೆ ಎಲ್ಲರಿಗೂ ನೆನಪಾಗುವುದು ಸೂರ್ಯಕಾಂತಿ ಹೂಗಳು, ಸುಳಿಯಾಗಿ ಸುತ್ತುವ ನಕ್ಷತ್ರಗಳು ಮತ್ತು ಆ ಕಿವಿಯ ಕತೆ. ನಾನು ಕಲಾವಿಮರ್ಶೆ ಬಲ್ಲವರ ಸಾಲಿಗೆ ಸೇರಿದವನಲ್ಲ. ಆದರೂ ಆತನ ಬದುಕನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆ ಹಳದಿಯನ್ನು ಬಿಟ್ಟು, ಅರ್ಧ ಮೀಟರಿನಷ್ಟು ಅಗಲದ ಒಂದು ಬೂದು ಚಿತ್ರದ ಬಳಿ ಹೋಗಿ ನಿಲ್ಲುತ್ತದೆ. ಕವಿದ ಮೋಡ, ನೊರೆಯುಕ್ಕುವ ಕಡಲು, ಒಂದು ಮೀನುದೋಣಿ, ದಡದಲ್ಲಿ ಒಂದಷ್ಟು ಜನ. ಹೇಗ್ ನಗರದ ಪಕ್ಕದ ಸ್ಖೇವೆನಿಂಗೆನ್ ಎಂಬ ಬೆಸ್ತರ ಊರಿನ ಕಡಲತೀರವದು.

1882ರ ಆಗಸ್ಟ್‌ನಲ್ಲಿ ಇದನ್ನು ಬರೆದಾಗ ಪಾದ್ರಿಯ ಮಗನಾದ ವ್ಯಾನ್‌ಗೋಗೆ 29 ವರ್ಷ. ಅಷ್ಟರಲ್ಲಿ ಆತ ಸೋತ ಉದ್ಯೋಗಗಳು ಒಂದೆರಡಲ್ಲ. 1869ರಲ್ಲಿ ಇದೇ ಹೇಗ್‌ನಲ್ಲಿ ಚಿತ್ರ ಮಾರುವ ಗೂಪಿಲ್ ಕಂಪನಿಗೆ ಸೇರಿದ್ದ. 1876ರಲ್ಲಿ ಕೆಲಸ ಹೋಯಿತು. ಶಾಲೆಯಲ್ಲಿ ಪಾಠ ಹೇಳಿದ, ದೇವಶಾಸ್ತ್ರದ ಓದನ್ನು ಅರ್ಧಕ್ಕೆ ಬಿಟ್ಟ, ಬೆಲ್ಜಿಯಂನ ಕಲ್ಲಿದ್ದಲು ಕಾರ್ಮಿಕರ ನಡುವೆ ಧರ್ಮಬೋಧಕನಾಗಿ ತನ್ನ ಬಟ್ಟೆಬರೆಯನ್ನೂ ಹಂಚಿ ಕುಳಿತ. ಚರ್ಚಿಗೆ ಅದು ಅತಿಯೆನಿಸಿತು. ಕಲಾವಿದನಾಗುವ ನಿರ್ಧಾರ ಮಾಡಿದ್ದು 1880ರಲ್ಲಿ.

ಹೇಗ್‌ಗೆ ಮರಳಿದವನು ಸೀನ್ ಎಂಬ ನಿರ್ಗತಿಕ ಗರ್ಭಿಣಿಗೂ ಅವಳ ಮಗಳಿಗೂ ಆಶ್ರಯ ಕೊಟ್ಟ. ಬಂಧುಬಳಗ ಮುಖ ತಿರುಗಿಸಿತು. ಕುಂಚ ಹಿಡಿಯಲು ಕಲಿಸಿದ್ದ ಬಂಧು ಆಂಟನ್ ಮಾವ್ ಕೂಡ ದೂರವಾದ. ಚಿಕ್ಕಪ್ಪ ಕೊರ್ನೆಲಿಸ್ ಆ ವರ್ಷ ಊರಿನ 12 ರೇಖಾಚಿತ್ರಗಳಿಗೆ ಕೊಟ್ಟ 30 ಗಿಲ್ಡರ್ ಬಿಟ್ಟರೆ ಸಂಪಾದನೆ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ತಮ್ಮ ಥಿಯೊ ಬಂದು ಬಣ್ಣದ ಸಾಮಗ್ರಿಗೆ ಹಣ ಕೊಟ್ಟು ಹೋದ ತಿಂಗಳಿನದೇ ಈ ಚಿತ್ರ.

ಅಂದು ನಿಲ್ಲಲಾಗದಷ್ಟು ಗಾಳಿ. ಹಾರಿಬಂದ ಮರಳು ಹಸಿಬಣ್ಣಕ್ಕೆ ಮೆತ್ತಿಕೊಂಡಿತು. ಮರಳ ದಿಬ್ಬದ ಹಿಂದಿನ ಸಣ್ಣ ಹೋಟೆಲಿಗೆ ಹೋಗಿ ಬಣ್ಣವನ್ನೆಲ್ಲ ಕೆರೆದು ಮತ್ತೆ ಬರೆದ. ಆದರೂ ಒಂದಷ್ಟು ಕಣಗಳು ಉಳಿದವು. ಮನೆಯಲ್ಲಿ ಜುಲೈನಲ್ಲಿ ಹುಟ್ಟಿದ ಸೀನ್‌ಳ ಕೂಸು. ಇಲ್ಲಿ ಬಿರುಗಾಳಿಗೆ ಎದುರು ನಿಂತ ಈತ. ಇದನ್ನು ಹುಚ್ಚು ಎನ್ನುವವರಿದ್ದಾರೆ. ನನಗೆ ಕಾಣುವುದು ಕೊನೆಗೂ ತನ್ನ ಕೆಲಸ ಸಿಕ್ಕಿದ ಮನುಷ್ಯನ ಹಟ.

ಮುಂದಿನ ವರ್ಷ ಸೀನ್‌ಳನ್ನು ಬಿಟ್ಟು ಹೇಗ್ ತೊರೆದ. ಪ್ಯಾರಿಸ್, ಆರ್ಲ್, ಆಸ್ಪತ್ರೆಗಳು. 1890ರ ಜುಲೈ 29ರಂದು ಓವೇರ್‌ನಲ್ಲಿ ಸಾವು. ಆರು ತಿಂಗಳಲ್ಲಿ ಥಿಯೊ ಕೂಡ ತೀರಿಕೊಂಡ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಭಾವನ ಚಿತ್ರಗಳನ್ನೂ ಪತ್ರಗಳನ್ನೂ ಜಗತ್ತಿಗೆ ತಲುಪಿಸಿದವಳು ಥಿಯೊನ ವಿಧವೆ ಯೊ. ಈ ಕಡಲ ಚಿತ್ರ ಮಾತ್ರ ಖಾಸಗಿ ಕೈಯಲ್ಲಿತ್ತು. 1958ರಲ್ಲಿ ಡಚ್ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದ ರಿಬಿಯಸ್ ಪೆಲೆಟಿಯರ್ ಅವರ ಉಯಿಲಿನ ಮೂಲಕ ಅದು ದೇಶದ ಸ್ವತ್ತಾಗಿ, ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್‌ಗೋ ಮ್ಯೂಸಿಯಂ ಸೇರಿತು.

2002ರ ಡಿಸೆಂಬರ್ 7ರ ಬೆಳಗಿನ ಜಾವ ಇಬ್ಬರು ಏಣಿ ಹಾಕಿ ಮ್ಯೂಸಿಯಂನ ಮಾಡು ಹತ್ತಿದರು. ಕಿಟಕಿ ಒಡೆದು ಈ ಚಿತ್ರವನ್ನೂ, ತಂದೆ ಪಾದ್ರಿಯಾಗಿದ್ದ ನ್ಯೂನೆನ್ ಚರ್ಚಿನ ಚಿತ್ರವೊಂದನ್ನೂ ಹೊತ್ತೊಯ್ದರು. ಕಳ್ಳರಿಗೆ ಶಿಕ್ಷೆಯಾಯಿತು, ಚಿತ್ರಗಳು ಸಿಗಲಿಲ್ಲ. ಅವು ನೇಪಲ್ಸ್‌ನ ಮಾದಕವಸ್ತು ದೊರೆಯೊಬ್ಬನ ಪಾಲಾಗಿದ್ದವು. ಬದುಕಿದ್ದಾಗ ಕೊಳ್ಳುವವರಿಲ್ಲದೆ ಪರದಾಡಿದವನಿಗೆ ಎಂಥ ಗಿರಾಕಿ! 2016ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪೊಲೀಸರಿಗೆ ಅವು ದೊರೆತದ್ದು ಕಸ್ತೆಲ್ಲಮ್ಮಾರೆ ದಿ ಸ್ತಾಬಿಯಾ ಎಂಬ ಇನ್ನೊಂದು ಕಡಲೂರಿನ ಮನೆಯೊಂದರಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ.

2017ರ ಮಾರ್ಚ್‌ನಲ್ಲಿ ಚಿತ್ರ ಮನೆಗೆ ಮರಳಿತು. ಎಡಗಡೆಯ ಕೆಳಮೂಲೆಯಲ್ಲಿ ಬಣ್ಣದ ಒಂದು ಚೂರು ಕಳಚಿಹೋಗಿತ್ತು. ತಜ್ಞರು ಹಳದಿಗಟ್ಟಿದ ವಾರ್ನಿಷ್ ತೆಗೆದು, ಆ ಮೂಲೆಯನ್ನು ಸರಿಪಡಿಸಿ 2019ರಲ್ಲಿ ಮತ್ತೆ ಗೋಡೆಗೆ ತೂಗುಹಾಕಿದರು. ವ್ಯಾನ್‌ಗೋ ಕೆರೆದರೂ ಹೋಗದ ಸ್ಖೇವೆನಿಂಗೆನ್‌ನ ಮರಳು ಬಣ್ಣದೊಳಗೆ ಈಗಲೂ ಇದೆ.